ಪೊರಕೆ ನಾವು ಹಿಡಿಯುತ್ತೇವೆ, ಲೆಕ್ಕ ನೀವು ಕೊಡಿ: ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು, ನಗರ ಪಾಲಿಕೆ
ಹಾಗೂ ತೋಟಗಾರಿಕೆ ವಿಭಾಗದ ಅಧಿಕಾರಿಗಳು

ವಿಷಯ: ಬಡಾವಣೆಯ ಪಾರ್ಕುಗಳಲ್ಲಿ ಸ್ವಯಂಸೇವಕರು ಮಾಡುವ ಕೆಲಸ ಮತ್ತು ಪಾಲಿಕೆಯ ಹೊಣೆ

ಮಾನ್ಯರೇ,

ನಾವು ಭಾನುವಾರ ಬೆಳಿಗ್ಗೆ ಬಡಾವಣೆಯ ಪಾರ್ಕಿನಲ್ಲಿ ಪೊರಕೆ ಹಿಡಿಯುವ ಜನ. ನಮ್ಮ ಗುಂಪಿಗೆ ಹೆಸರಿಲ್ಲ, ನೋಂದಣಿ ಇಲ್ಲ, ಖಜಾಂಚಿ ಅಂತೂ ಇಲ್ಲವೇ ಇಲ್ಲ. ನಿವೃತ್ತರಾದ ಬಸ್ ಕಂಡಕ್ಟರ್ ಒಬ್ಬರು, ಮೆಡಿಕಲ್ ಸ್ಟೋರ್ ಇಟ್ಟುಕೊಂಡವರು, ಮನೆಯಲ್ಲೇ ಟೈಲರಿಂಗ್ ಮಾಡುವ ಅಕ್ಕತಂಗಿಯರು, ಪರೀಕ್ಷೆ ಇಲ್ಲದಾಗ ಬರುವ ಡಿಗ್ರಿ ಹುಡುಗರು, ಮತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು. ಕೆಲವು ವರ್ಷಗಳಿಂದ ಹೀಗೇ ನಡೆದಿದೆ.

ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಯಾವ ಅಧಿಕಾರಿಯ ಹೆಸರೂ ಇಲ್ಲಿಲ್ಲ. ಒಬ್ಬರನ್ನು ಎತ್ತಂಗಡಿ ಮಾಡಿಸುವ ಉದ್ದೇಶ ನಮಗಿಲ್ಲ. ಅವರು ಹೋಗಿ ಇನ್ನೊಬ್ಬರು ಬರುತ್ತಾರೆ, ಪಾರ್ಕು ಹಾಗೇ ಇರುತ್ತದೆ. ಬೇರೆ ಊರಿನವರು ಇದನ್ನು ಓದಿ "ಇದು ನಮ್ಮದೇ ಪಾರ್ಕು" ಅಂದರೂ ನನಗೆ ಆಶ್ಚರ್ಯ ಆಗುವುದಿಲ್ಲ.

ಮೊದಲು ನಮ್ಮ ಕೆಲಸ ಏನು ಅಂತ ಹೇಳುತ್ತೇನೆ. ಯಾಕೆಂದರೆ ನಿಮ್ಮ ಕಚೇರಿಯಲ್ಲಿ ಇದನ್ನು "ಕಸ ಹೆಕ್ಕುವವರು" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಕಸ ಹೆಕ್ಕುವುದು ನಿಜ. ರಾತ್ರಿ ಯಾರೋ ಕುಡಿದು ಎಸೆದ ಟೆಟ್ರಾ ಪ್ಯಾಕುಗಳು, ಗುಟ್ಕಾ ಚೀಟಿ, ಬಿರಿಯಾನಿ ಕಟ್ಟಿಕೊಟ್ಟ ಕವರ್, ಮಕ್ಕಳ ಡೈಪರ್. ಟೆಟ್ರಾ ಪ್ಯಾಕು ಎಷ್ಟೋ ವಾಸಿ, ಬಾಟಲಿ ಚೂರಿನದೇ ತಲೆನೋವು. ಜಾರುಬಂಡೆಯ ಕೆಳಗಿನ ಮರಳಲ್ಲಿ ಹೂತ ಗಾಜು ಗುಡಿಸಿದರೆ ಬರುವುದಿಲ್ಲ. ಕೂತು ಜರಡಿ ಹಿಡಿಯಬೇಕು. ಕಂಡಕ್ಟರ್ ಅಣ್ಣನವರು ಈ ಕೆಲಸವನ್ನು ಬೇರೆ ಯಾರಿಗೂ ಬಿಡುವುದಿಲ್ಲ. ಡಿಗ್ರಿ ಹುಡುಗರಿಗೂ ಗ್ಲೌಸ್ ಇಲ್ಲದೆ ಗಾಜು ಮುಟ್ಟಬಾರದು ಅಂತ ಅವರದೇ ಕಾನೂನು. ಆಮೇಲೆ ಅರಳಿಮರದ ಬುಡ. ಅಲ್ಲಿ ದೇವರ ಹಳೆಯ ಫೋಟೊಗಳು ಬಂದು ಕೂರುತ್ತವೆ. ಗಾಜು ಒಡೆದ ವೆಂಕಟರಮಣ, ಗೆದ್ದಲು ತಿಂದ ಲಕ್ಷ್ಮಿ. ಮನೆಯಲ್ಲಿ ಇಡುವ ಹಾಗಿಲ್ಲ, ಕಸಕ್ಕೆ ಹಾಕಲು ಭಯ. ಹಾಗಾಗಿ ಪಾರ್ಕಿನ ಮರಕ್ಕೆ ಒಪ್ಪಿಸಿ ಕೈಮುಗಿದು ಹೋಗುತ್ತಾರೆ. ನಾವು ಗಾಜು, ಚೌಕಟ್ಟು, ಕಾಗದ ಬೇರೆ ಬೇರೆ ಮಾಡುತ್ತೇವೆ. ಟೈಲರ್ ಅಕ್ಕ ಮಾತ್ರ ಒಂದೊಂದು ಫೋಟೊ ಎತ್ತುವಾಗಲೂ ಕಣ್ಣಿಗೆ ಒತ್ತಿಕೊಂಡೇ ಎತ್ತುತ್ತಾರೆ.

ಕಾಂಗ್ರೆಸ್ ಗಿಡ ಇನ್ನೊಂದು ಕಥೆ. ಹೂ ಬಿಡುವ ಮೊದಲೇ ಬೇರು ಸಹಿತ ಕಿತ್ತರೆ ಮಾತ್ರ ಪ್ರಯೋಜನ. ಹೂ ಬಂದ ಮೇಲೆ ಕೊಯ್ದರೆ ಬೀಜವನ್ನು ನಾವೇ ಊರೆಲ್ಲಾ ಹಂಚಿದ ಹಾಗೆ. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಮೈ ಕಡಿತ, ಉಬ್ಬಸ ಇರುವವರು ಹತ್ತಿರ ಸುಳಿಯಬಾರದು. ಇದನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ನಮ್ಮ ಪಾರ್ಕಿನಲ್ಲೂ ಆ ಹುಳ ಕಾಣಿಸುತ್ತದೆ. ಕೆನೆ ಬಣ್ಣದ ಬೆನ್ನು, ಮೇಲೆ ಕಪ್ಪು ಗೆರೆ. ಎಲೆ ತಿಂದು ಗಿಡವನ್ನು ಬರೀ ಕಡ್ಡಿ ಮಾಡಿ ಬಿಡುತ್ತದೆ. ನನ್ನ ವಿದ್ಯಾರ್ಥಿಗಳಿಗೆ ತೋರಿಸಿದರೆ ಪಠ್ಯಪುಸ್ತಕದ ಅರ್ಧ ಅಧ್ಯಾಯ ಅಲ್ಲೇ ಮುಗಿಯುತ್ತದೆ. ನಿಮ್ಮ ಗುತ್ತಿಗೆದಾರರ ಕಡೆಯವರು ಮೆಷಿನ್ ಹಿಡಿದು ಬರುವುದು ಸಾಮಾನ್ಯವಾಗಿ ಹೂ ಬಿಟ್ಟ ಮೇಲೆ.

ಆ ಮೆಷಿನ್ ಬಗ್ಗೆಯೂ ಒಂದು ಮಾತು. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಎಳೆ ಸಸಿಯ ಬುಡಕ್ಕೆ ತಾಗಿದರೆ ತೊಗಟೆ ಸುತ್ತಲೂ ಸುಲಿದು ಹೋಗುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯ ಒಳಪದರದಲ್ಲೇ. ಸಸಿ ತಕ್ಷಣ ಸಾಯುವುದಿಲ್ಲ. ಕೆಲವು ವಾರ ಹಸಿರಾಗೇ ಇದ್ದು ಆಮೇಲೆ ಒಣಗುತ್ತದೆ. ಆಗ "ನೀರು ಹಾಕಿಲ್ಲ" ಅಂತ ಮಾಲಿಗೆ ಬೈಗುಳ. ಬುಡದ ಸುತ್ತ ಒಂದು ಮೊಳ ಜಾಗ ಬಿಟ್ಟು ಕೈಯಲ್ಲೇ ಕಳೆ ತೆಗೆದರೆ ಸಾಕು, ಖರ್ಚೇನೂ ಇಲ್ಲ. ಇದನ್ನು ನಾವು ಹೇಳಿದ್ದೇವೆ. ಕೇಳಿಸಿಕೊಂಡಿದ್ದಾರೆ. ಅಷ್ಟೇ.

ಈಗ ದೂರಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಪಾರ್ಕಿನಲ್ಲಿ ಹೊಂಗೆ ಮರ ಜಾಸ್ತಿ. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಿ, ಯುಗಾದಿಯ ಹೊತ್ತಿಗೆ ಹೊಸ ಚಿಗುರು ಬರುತ್ತದೆ. ಆ ವಾರಗಳಲ್ಲಿ ಎಷ್ಟು ಗುಡಿಸಿದರೂ ಸಾಲದು. ಮೊದಲೆಲ್ಲಾ ಈ ತರಗೆಲೆಯನ್ನು ಮೂಲೆಯಲ್ಲಿ ಗುಡ್ಡೆ ಹಾಕಿ ಬೆಳಗಿನ ಜಾವ ಬೆಂಕಿ ಇಡುತ್ತಿದ್ದರು. ಅದೇ ಹೊತ್ತಿಗೆ ವಯಸ್ಸಾದವರು ಶುದ್ಧ ಗಾಳಿಗೆಂದು ವಾಕಿಂಗ್ ಬರುತ್ತಿದ್ದರು! ನಾವು ಬೆಂಕಿ ನಿಲ್ಲಿಸಿ, ಕಬ್ಬಿಣದ ಜಾಲರಿ ಸುತ್ತಿ ಎಲೆ ತುಂಬುವ ಗೂಡುಗಳನ್ನು ಮಾಡಿದೆವು. ಜಾಲರಿಯ ದುಡ್ಡು ನಮ್ಮದೇ. ಒಂದು ಪದರ ಎಲೆ, ಮೇಲೆ ಸಗಣಿ ನೀರು, ಹುಳಿ ಮಜ್ಜಿಗೆ, ಮತ್ತೆ ಎಲೆ. ತೇವ ಆರಬಾರದು, ನೀರು ನಿಲ್ಲಲೂಬಾರದು. ಆಗಾಗ ಮಗುಚಬೇಕು. ಮೂರ್ನಾಲ್ಕು ತಿಂಗಳಿಗೆ ಎಲೆ ಕಪ್ಪಾಗಿ, ಕೈಯಲ್ಲಿ ಹಿಡಿದರೆ ಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಆಗ ಗೊಬ್ಬರ ಸಿದ್ಧ.

ಗೊಬ್ಬರ ಇನ್ನೇನು ಜರಡಿ ಹಿಡಿಯುವ ಹಂತಕ್ಕೆ ಬಂದಿತ್ತು. ಪಾರ್ಕಿನಲ್ಲಿ ಹೊಸ ಓಪನ್ ಜಿಮ್ ಉದ್ಘಾಟನೆ ಅಂತ ದೊಡ್ಡವರು ಬರುವವರಿದ್ದರು. ಹಿಂದಿನ ದಿನ ಟಿಪ್ಪರ್ ಬಂತು. ಜಾಲರಿ ಕಿತ್ತು, ಗೊಬ್ಬರವನ್ನೆಲ್ಲಾ ಕಸದ ಜೊತೆ ತುಂಬಿಕೊಂಡು ಹೋದರು. ಸುದ್ದಿ ತಿಳಿದು ನಾವು ಓಡಿಬಂದೆವು. ಅಲ್ಲಿದ್ದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನೆಲ್ಲಾ ಮಾಡಲು ನಿಮಗೆ ಯಾರು ಪರ್ಮಿಷನ್ ಕೊಟ್ಟದ್ದು?"

ಸ್ವಾಮಿ, ಆ ವರ್ಷವೇ ಪರಿಸರ ದಿನದಂದು ಇದೇ ವಿಭಾಗದವರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಶಾಲು ಹೊದಿಸಿ, ಬ್ಯಾನರ್ ಹಿಂದೆ ಫೋಟೊ ತೆಗೆಸಿಕೊಂಡಿದ್ದರು. ಆಗ ಪರ್ಮಿಷನ್ ಯಾರೂ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆವೋ ಏನೋ. ಜಾಲರಿ ಮತ್ತೆ ಕೊಳ್ಳಬಹುದು, ಎಲೆ ಮತ್ತೆ ಉದುರುತ್ತದೆ. ಆದರೆ ಮೆಡಿಕಲ್ ಸ್ಟೋರಿನವರಿಗೆ ಸಿಟ್ಟು ಬಂತು. ಅವರು ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು ಅಂತ ನಿಯಮ ಇದೆಯಲ್ಲ. ಅವರಿಗೆ ಅಷ್ಟೂ ಬೇಕಾಗಲಿಲ್ಲ. ಪಾರ್ಕಿನ ನಿರ್ವಹಣೆಯ ಟೆಂಡರ್, ಎಸ್ಟಿಮೇಟ್, ಪಾಸಾದ ಬಿಲ್ಲುಗಳ ಪ್ರತಿ ಕೊಡಿ ಅಂತ ಕೇಳಿದರು. ಕಾನೂನಿನಲ್ಲಿ 30 ದಿನ ಅಂತಿದೆ. ಅದು ದಾಟಿ, ಮೇಲ್ಮನವಿ ಹಾಕಿದ ಮೇಲೆ ಕಾಗದ ಕೈಗೆ ಬಂತು.

ಕಾಗದ ನೋಡಿದರೆ ನಮ್ಮ ಪಾರ್ಕು ಸ್ವರ್ಗ. ದಿನಕ್ಕೆ ಎರಡು ಹೊತ್ತು ನೀರು. ಒಬ್ಬರಿಗಿಂತ ಜಾಸ್ತಿ ಮಾಲಿಗಳು. ಸತ್ತ ಗಿಡದ ಜಾಗಕ್ಕೆ ಹೊಸ ಗಿಡ. ಕಳೆ ತೆಗೆಯುವುದು, ಪಾತಿ ಮಾಡುವುದು, ಕೊಟ್ಟಿಗೆ ಗೊಬ್ಬರ ತರಿಸಿ ಹಾಕುವುದು. ಹೌದು, ಗೊಬ್ಬರಕ್ಕೂ ದುಡ್ಡು ಹಾಕಿದ್ದಾರೆ. ನಮ್ಮ ಗೊಬ್ಬರವನ್ನು ಕಸದ ಗುಡ್ಡೆಗೆ ಸುರಿದದ್ದೂ ಅದೇ ಪಾಲಿಕೆಯ ಟಿಪ್ಪರ್.

ಬಿಲ್ಲಿನ ಜೊತೆ ಕೆಲಸ ಆಗಿದೆ ಎಂಬುದಕ್ಕೆ ಪುರಾವೆಯಾಗಿ ಫೋಟೊಗಳಿದ್ದವು. ಒಂದು ಫೋಟೊದಲ್ಲಿ ಯಾರೋ ಬಗ್ಗಿ ಕಳೆ ಕೀಳುತ್ತಿದ್ದಾರೆ. ಮುಖ ಕಾಣುವುದಿಲ್ಲ. ಆದರೆ ಪಕ್ಕದಲ್ಲಿ ಹಿಡಿ ಮುರಿದು ದಾರ ಕಟ್ಟಿದ ನೀಲಿ ಬಕೆಟ್ ಇದೆ. ಅದು ಟೈಲರ್ ಅಕ್ಕನ ಬಚ್ಚಲುಮನೆಯ ಬಕೆಟ್. ಇನ್ನೊಂದು ಫೋಟೊದಲ್ಲಿ ಡಿಗ್ರಿ ಹುಡುಗರು ಮಂಕರಿಯಲ್ಲಿ ಎಲೆ ಹೊರುತ್ತಿದ್ದಾರೆ. ನಾವು ಪುಕ್ಕಟೆ ಮಾಡಿದ ಕೆಲಸದ ಫೋಟೊ, ಬೇರೆಯವರಿಗೆ ದುಡ್ಡು ಕೊಡಲು ಆಧಾರ. ಅಕ್ಕ ಅದನ್ನು ನೋಡಿ ಮೊದಲು ನಕ್ಕರು. ಆಮೇಲೆ, "ಹಾಗಾದ್ರೆ ನಂಗೂ ಸಂಬಳ ಬರ್ಬೇಕಲ್ವಾ ಮೇಡಂ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಇದು ಯಾರೋ ಒಬ್ಬ ಗುತ್ತಿಗೆದಾರರ ಕಿತಾಪತಿ ಅಂತ ತಳ್ಳಿಹಾಕಬೇಡಿ. ಸ್ವಯಂಸೇವೆಗೆ ಬರಹದ ನೆಲೆ ಇಲ್ಲದ ಕಡೆ ಹೀಗೆ ಆಗುವುದು ಸಹಜ. ಯಾವ ಕೆಲಸ ಯಾರದು ಅಂತ ಎಲ್ಲೂ ಬರೆದಿಲ್ಲ. ಹಾಗಾಗಿ ನಾವು ಮಾಡಿದ್ದೆಲ್ಲಾ ಅವರ ಲೆಕ್ಕಕ್ಕೆ ಜಮೆ, ಅವರು ಮಾಡದೆ ಬಿಟ್ಟದ್ದು ನಮ್ಮ ತಲೆಗೆ. ಬೇಸಿಗೆಯಲ್ಲಿ ಬೋರ್‌ವೆಲ್ ಪಂಪು ಕೆಟ್ಟಾಗ ಇದನ್ನು ಕಣ್ಣಾರೆ ಕಂಡೆವು. ಫೋನ್ ಮಾಡಿದರೆ, "ನಿಮ್ಮ ಟೀಮ್ ಇದೆಯಲ್ಲ ಸಾರ್, ನೋಡ್ಕೊಳ್ಳಿ" ಅಂದರು. ಮಾರ್ಚ್, ಏಪ್ರಿಲ್‌ನಲ್ಲಿ ಮನೆಯ ನೀರನ್ನೇ ಕ್ಯಾನಿನಲ್ಲಿ ಹೊತ್ತು ಸಸಿಗಳಿಗೆ ಹಾಕಿದೆವು. ಎಲ್ಲಾ ಉಳಿಯಲಿಲ್ಲ. ಅದೇ ಬೇಸಿಗೆಯಲ್ಲಿ ವಾಕಿಂಗ್ ದಾರಿಯ ಚೆನ್ನಾಗೇ ಇದ್ದ ಪೇವರ್ ಕಿತ್ತು ಬೇರೆ ಬಣ್ಣದ ಪೇವರ್ ಹಾಕಿದರು. ಪಂಪಿಗೆ ದುಡ್ಡಿಲ್ಲ, ಪೇವರಿಗೆ ಇದೆ. ಮರದ ಬುಡಕ್ಕೂ ಕಾಂಕ್ರೀಟ್ ಮೆತ್ತಿದರು. ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಇರಬಾರದು ಅಂತ ದೆಹಲಿಯ ವಿಷಯದಲ್ಲಿ ಪರಿಸರದ ಮೊಕದ್ದಮೆ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ಬೇರಿಗೆ ನೀರು, ಗಾಳಿ ಬೇಕಾಗುವುದು ದೆಹಲಿಯ ಮರಕ್ಕೆ ಮಾತ್ರ ಅಲ್ಲವಲ್ಲ.

"ಯಾರು ಪರ್ಮಿಷನ್ ಕೊಟ್ಟದ್ದು" ಎಂಬ ಪ್ರಶ್ನೆಗೆ ಈಗ ಉತ್ತರ ಕೊಡಬಹುದು.

ನಗರದ ಪಾರ್ಕು, ಉದ್ಯಾನ, ಆಟದ ಬಯಲುಗಳ ವ್ಯವಸ್ಥೆ ನಗರ ಸಂಸ್ಥೆಗಳ ಕೆಲಸ ಅಂತ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಬಂದ 12ನೇ ಅನುಸೂಚಿ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸಲೆಂದೇ 1985ರ ಕಾಯ್ದೆ ಇದೆ. ತರಗೆಲೆಯ ಬಗ್ಗೆಯೂ ನಿಯಮ ಬರೆದಿಟ್ಟಿದ್ದಾರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಪಾರ್ಕಿನ ಕಸವನ್ನು ಬೇರೆಯಾಗಿ ಸಂಗ್ರಹಿಸಿ, ಆದಷ್ಟೂ ಅದೇ ಪಾರ್ಕಿನಲ್ಲೇ ಗೊಬ್ಬರ ಮಾಡುವ ಕೆಲಸವನ್ನು ಸ್ಥಳೀಯ ಸಂಸ್ಥೆಗೆ ವಹಿಸಿದವು. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿ ರಾಶಿ ಸುಟ್ಟವರಿಗೆ 25,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಆದೇಶ ಮಾಡಿತು. ಅಂದರೆ ಜಾಲರಿ ಗೂಡು ಕಟ್ಟಬೇಕಾಗಿದ್ದವರು ನೀವು. ನಿಮ್ಮ ಕೆಲಸವನ್ನು ನಾವು ಮಾಡಿದೆವು, ನೀವು ಬಂದು ಕಿತ್ತಿರಿ.

ನಿವಾಸಿಗಳಿಗೆ ಕೇಳುವ ಹಕ್ಕು ಉಂಟೋ ಇಲ್ಲವೋ ಎಂಬುದೂ ಹಳೆಯ ಪ್ರಶ್ನೆಯೇ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. ಇವರಿಗೆ ಇದನ್ನು ಕೇಳುವ ಅಧಿಕಾರ ಇಲ್ಲ ಎಂಬ ವಾದ ಅಲ್ಲೂ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಪಾರ್ಕಿನ ಜಾಗ ಜನರದು, ಅದನ್ನು ಹಾಗೆ ಖಾಸಗಿಯವರಿಗೆ ಕೊಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಪಾರ್ಕಿನ ಜಾಗ ಉಳಿಸಲು ಕೋರ್ಟ್ ಮೆಟ್ಟಿಲು ಹತ್ತುವ ಹಕ್ಕಿದೆ ಅಂದ ಮೇಲೆ, ಅದೇ ಜಾಗದಲ್ಲಿ ಎಲೆ ಕೊಳೆಸುವ ಹಕ್ಕು ಇಲ್ಲವೇ?

ಆದರೂ ಒಪ್ಪುತ್ತೇನೆ. ಪರ್ಮಿಷನ್ ಇರಬೇಕು. ಪಾರ್ಕು ಸಾರ್ವಜನಿಕರದು. ಯಾರೋ ಹತ್ತು ಜನ ಸೇರಿ ತಮಗೆ ತೋಚಿದಂತೆ ಅಗೆಯುವ ಹಾಗಿರಬಾರದು. ಅದಕ್ಕೇ ನಮ್ಮ ಮೊದಲ ಬೇಡಿಕೆ ಇದು: ನಮ್ಮ ಜೊತೆ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಅದರಲ್ಲಿ ಪಾಲಿಕೆಯ ಕೆಲಸ ಯಾವುದು, ನಮ್ಮ ಕೆಲಸ ಯಾವುದು ಅಂತ ಕನ್ನಡದಲ್ಲಿ ಬರೆದಿರಲಿ. ನೀರು, ಪಂಪು, ದೀಪ, ಗೇಟು, ಆಟದ ಸಾಮಾನು, ಮರದ ಕೊಂಬೆ ಕಡಿಯುವುದು, ಮಾಲಿಯ ಸಂಬಳ ನಿಮ್ಮದು. ಎಲೆ ಗೊಬ್ಬರ, ಕೈಯಿಂದ ಕೀಳುವ ಕಳೆ, ಸಸಿಗಳ ಪಾತಿ, ಮಕ್ಕಳಿಗೆ ಮರಗಿಡ ಪರಿಚಯಿಸುವುದು ನಮ್ಮದು. ವರ್ಷಕ್ಕೊಮ್ಮೆ ಕೂತು ತಿದ್ದೋಣ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಹಾಳು ಬಿದ್ದಿದ್ದಾಗ 1980ರಲ್ಲಿ ಅಲ್ಲಿನ ಜನ ಸೇರಿ ಒಂದು ಸಂಸ್ಥೆ ಕಟ್ಟಿದರು. 1998ರಲ್ಲಿ ನಗರಾಡಳಿತ ಅವರ ಜೊತೆ ನಿರ್ವಹಣೆಯ ಒಪ್ಪಂದವನ್ನೇ ಮಾಡಿಕೊಂಡಿತು. ಅಷ್ಟು ದೊಡ್ಡದು ನಮಗೆ ಬೇಡ. ಅಲ್ಲಿ ದಾನ ಕೊಡುವ ಶ್ರೀಮಂತರಿದ್ದಾರೆ, ಇಲ್ಲಿ ನೀಲಿ ಬಕೆಟ್ ಇದೆ. ಬರಹದಲ್ಲಿರಬೇಕು ಎಂಬುದಷ್ಟೇ ಅಲ್ಲಿಂದ ಕಲಿಯಬೇಕಾದದ್ದು.

ಆ ಒಪ್ಪಂದದಲ್ಲಿ ದೀಪ, ಗೇಟು, ಆಟದ ಸಾಮಾನುಗಳನ್ನು ಬಿಡಿಸಿ ಬರೆಯಿರಿ ಅನ್ನಲು ಕಾರಣ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನದಲ್ಲಿ ಕಬ್ಬಿಣದ ಗೇಟ್ ಬಿದ್ದು ಒಬ್ಬ ಬಾಲಕ ತೀರಿಕೊಂಡ. ಆಟಕ್ಕೆಂದು ಹೋದ ಮಗು. ನಮ್ಮ ಪಾರ್ಕಿನ ದೀಪದ ಕಂಬವೊಂದರಲ್ಲಿ ವೈರು ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಹೊರಗೆ ನೇತಾಡುತ್ತಿದೆ. ಮುಚ್ಚಳ ಇಲ್ಲ. ನಾವು ಸುತ್ತ ಮುಳ್ಳು ಕಟ್ಟಿದ್ದೇವೆ. ಮುಳ್ಳು ಕಟ್ಟುವುದು ಪರಿಹಾರ ಅಲ್ಲ ಅಂತ ಗೊತ್ತು. ವಿದ್ಯುತ್ತನ್ನು ಮುಟ್ಟುವ ಕೆಲಸ ಸ್ವಯಂಸೇವಕರದಲ್ಲ, ಆಗಲೂಬಾರದು. ಈ ಪತ್ರದಲ್ಲಿ ಉಳಿದದ್ದೆಲ್ಲಾ ನಿಧಾನವಾಗಿ ಆಗಲಿ. ಇದೊಂದು ಈ ವಾರವೇ ಆಗಬೇಕು.

ಕಾರಂಜಿಯ ತೊಟ್ಟಿಯೂ ನಿಮ್ಮ ಪಾಲಿನದೇ. ಕಾರಂಜಿ ಚಿಮ್ಮಿದ್ದನ್ನು ಉದ್ಘಾಟನೆಯ ದಿನ ನೋಡಿದವರಿದ್ದಾರೆ. ಆಮೇಲೆ ಅದರಲ್ಲಿ ಮಳೆನೀರು, ಅದರಲ್ಲಿ ಸೊಳ್ಳೆ ಮರಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ಹಾಕುವ ನಿಯಮ ತಂದಿತು. ಒಳ್ಳೆಯದೇ. ಮೊಟ್ಟೆಯಿಂದ ಸೊಳ್ಳೆ ಹಾರಲು ಎಂಟು ಹತ್ತು ದಿನ ಸಾಕು. ನಮ್ಮ ಮನೆಯ ಹೂಕುಂಡ ಇಣುಕಿ ನೋಡಲು ಬಂದವರು ಪಾರ್ಕಿನ ತೊಟ್ಟಿಯ ಪಕ್ಕದಲ್ಲೇ ನಡೆದುಕೊಂಡು ಬಂದಿದ್ದರು.

ಎರಡನೆಯ ಬೇಡಿಕೆ ಗೇಟಿನ ಬೋರ್ಡು. ಈಗ ನಮ್ಮ ಗೇಟಿನಲ್ಲಿ ಕಪ್ಪು ಗ್ರಾನೈಟಿನ ಫಲಕ ಇದೆ. ಯಾರು ಉದ್ಘಾಟಿಸಿದರು, ಯಾರ ಅಧ್ಯಕ್ಷತೆ, ಯಾರ ಘನ ಉಪಸ್ಥಿತಿ ಎಲ್ಲಾ ಇದೆ. ಅದು ಇರಲಿ ಬಿಡಿ. ಪಕ್ಕದಲ್ಲಿ ಒಂದು ತಗಡಿನ ಬೋರ್ಡು ಹಾಕಿಸಿ. ನಿರ್ವಹಣೆಯ ಗುತ್ತಿಗೆ ಯಾರದು, ಎಷ್ಟು ದುಡ್ಡಿನದು, ಯಾವತ್ತಿನವರೆಗೆ, ದಿನಾ ಎಷ್ಟು ಜನ ಮಾಲಿಗಳು ಇರಬೇಕು, ಇಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು. ಇಂಥ ಮಾಹಿತಿಯನ್ನು ಜನ ಕೇಳುವ ಮೊದಲೇ ಪ್ರಕಟಿಸಬೇಕು ಎಂಬುದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನ ಆಶಯ. ಬಿಲ್ ಪಾಸು ಮಾಡುವ ಮುಂಚೆ ವಾರ್ಡ್ ಸಮಿತಿ ಇರುವ ಕಡೆ ಅದರ ಮುಂದೆ ಇಡಿ. ಇಲ್ಲದ ಕಡೆ ಇದೇ ಬೋರ್ಡಿಗೆ ಅಂಟಿಸಿ. ಕಾರ್ಪೊರೇಟರ್ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆವು. ಆದರೆ ಚುನಾವಣೆಯೇ ನಡೆಯದ ಊರುಗಳಿವೆ. ಬೆಂಗಳೂರಿನಲ್ಲೇ 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳಿರಲಿಲ್ಲ. ಹಾಗಾಗಿ ಜನ ನೇರವಾಗಿ ನಿಮ್ಮ ಬಾಗಿಲಿಗೇ ಬರುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಮತ್ತೆ, ದಯವಿಟ್ಟು ನಮ್ಮ ಫೋಟೊಗಳನ್ನು ಯಾರ ಬಿಲ್ಲಿಗೂ ಲಗತ್ತಿಸಬೇಡಿ.

ಮೂರನೆಯದು ಮಾಲಿಯ ವಿಷಯ. ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತ ತಿಳಿದಿದ್ದೇನೆ. ಕಾಗದದಲ್ಲಿ ಎಷ್ಟೇ ಜನರಿರಲಿ, ನಮ್ಮ ಪಾರ್ಕಿನಲ್ಲಿ ಇರುವುದು ಒಬ್ಬ ಅಮ್ಮ. ಪಂಪ್ ಹೌಸಿನ ಪಕ್ಕದ ಶೀಟಿನ ಕೋಣೆಯಲ್ಲಿ ಗಂಡನ ಜೊತೆ ಇದ್ದಾರೆ. ಗುತ್ತಿಗೆದಾರರು ಬದಲಾದಾಗೆಲ್ಲಾ ಸಂಬಳ ತಡ. ಒಮ್ಮೆ ಅವರೇ ನಮ್ಮನ್ನು ಕೇಳಿದರು: "ನೀವು ಹಿಂಗೆ ಪುಕ್ಕಟೆ ಮಾಡ್ತಾ ಹೋದ್ರೆ ನನ್ನ ತೆಗೆದು ಹಾಕ್ತಾರೇನವ್ವಾ?" ಅವರ ಭಯ ಸುಳ್ಳಲ್ಲ. ಸ್ವಯಂಸೇವಕರಿದ್ದಾರೆ ಅಂತ ಮಾಲಿಗಳ ಸಂಖ್ಯೆ ಇಳಿಸಿದ ಕಡೆಗಳನ್ನು ನಾವು ಅಕ್ಕಪಕ್ಕದ ಬಡಾವಣೆಗಳಲ್ಲೇ ಕಂಡಿದ್ದೇವೆ. ನಮ್ಮ ಭಾನುವಾರದ ಉತ್ಸಾಹ ಇನ್ನೊಬ್ಬರ ವಾರವಿಡೀ ಅನ್ನಕ್ಕೆ ಕಲ್ಲು ಹಾಕುವುದಾದರೆ ನಾವು ನಾಳೆಯೇ ಪೊರಕೆ ಕೆಳಗಿಡುತ್ತೇವೆ. ಸ್ವಯಂಸೇವಕರಿರುವ ಪಾರ್ಕಿನಲ್ಲಿ ಮಾಲಿಗಳನ್ನು ಕಡಿಮೆ ಮಾಡುವುದಿಲ್ಲ ಅಂತ ಆದೇಶ ಹೊರಡಿಸಿ. ಅವರಿಗೆ ಗ್ಲೌಸ್, ಬೂಟು, ಕುಡಿಯುವ ನೀರು, ಶೌಚಾಲಯ ಕೊಡಿ. ಗಿಡದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಅರ್ಧ ಆ ಅಮ್ಮ ಕಲಿಸಿದ್ದು. ಯಾವ ಸಸಿಗೆ ಎಷ್ಟು ನೀರು ಅಂತ ಅವರು ಎಲೆ ಮುಟ್ಟಿ ಹೇಳುತ್ತಾರೆ.

ಇನ್ನು ಜೂನ್ 5, ಪರಿಸರ ದಿನ. ಪ್ರತಿ ವರ್ಷ ಗಿಡ ನೆಡುತ್ತೀರಿ. ದೊಡ್ಡ ಮರದ ದಟ್ಟ ನೆರಳಲ್ಲಿ ನೆಡುತ್ತೀರಿ. ಕರೆಂಟ್ ತಂತಿಯ ಕೆಳಗೆ ನೆಡುತ್ತೀರಿ. ಮುಂದಿನ ಬೇಸಿಗೆಗೆ ಅದು ಒಣಗುತ್ತದೆ. ಮುಂದಿನ ಜೂನ್‌ಗೆ ಅದೇ ಗುಂಡಿಯಲ್ಲಿ ಇನ್ನೊಂದು. ಗುಂಡಿ ತೋಡುವ ಖರ್ಚಾದರೂ ಉಳಿಯಿತು ಅಂತ ಸಮಾಧಾನ ಪಡಬೇಕಷ್ಟೇ. ಎಷ್ಟು ನೆಟ್ಟಿರಿ ಅನ್ನುವ ಪಟ್ಟಿ ಬೇಡ, ಮೂರು ಬೇಸಿಗೆ ದಾಟಿ ಎಷ್ಟು ಉಳಿದವು ಅನ್ನುವ ಪಟ್ಟಿ ಹಾಕಿ. ಎಲ್ಲಿ ನೆಡಬೇಕು ಅಂತ ಮಾಲಿಯನ್ನು ಕೇಳಿ.

ಕೆಲವು ಕಡೆ ಪಾರ್ಕು ದತ್ತು ಪಡೆದ ಗುಂಪುಗಳು ಯಜಮಾನರಾಗಿ ಬಿಟ್ಟಿರುವುದನ್ನೂ ನೋಡಿದ್ದೇನೆ. ಚೆಂಡಾಟ ನಿಷೇಧ, ಹುಲ್ಲಿನ ಮೇಲೆ ಕೂರುವಂತಿಲ್ಲ, ಹುಡುಗ ಹುಡುಗಿ ಜೊತೆಗೆ ಕೂತರೆ ಎಬ್ಬಿಸುವುದು, ಮನೆಕೆಲಸ ಮುಗಿಸಿ ನೆರಳಿಗೆ ಬಂದ ಹೆಂಗಸರನ್ನು "ಯಾವ ಮನೆ ನಿಮ್ಮದು?" ಅಂತ ಕೇಳುವುದು. ದಯವಿಟ್ಟು ನಮಗೆ ಇಂಥ ಅಧಿಕಾರ ಕೊಡಬೇಡಿ. ಕೇಳಿದರೂ ಕೊಡಬೇಡಿ. ಹಗಲು ಗೇಟಿಗೆ ಬೀಗ ಹಾಕುವುದನ್ನೂ ನಿಲ್ಲಿಸಿ. ಬೆಂಗಳೂರಿನಲ್ಲಿ 2024ರಲ್ಲಿ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶವಾಯಿತು. ನಮ್ಮಲ್ಲಿ ಇನ್ನೂ ಬೆಳಿಗ್ಗೆ 10ಕ್ಕೆ ಬೀಗ, ಮತ್ತೆ ತೆರೆಯುವುದು ಸಂಜೆ 4ಕ್ಕೆ. ಬಿಸಿಲಿನಲ್ಲಿ ನೆರಳು ಬೇಕಾಗುವುದು ನಡುಮಧ್ಯಾಹ್ನ. ಡೆಲಿವರಿ ಹುಡುಗರು ಗೇಟಿನ ಹೊರಗೆ ಗಾಡಿಯ ಮೇಲೇ ಕೂತು ಊಟ ಮಾಡುತ್ತಾರೆ, ಒಳಗೆ ಹೊಂಗೆಯ ನೆರಳು ಖಾಲಿ ಬಿದ್ದಿರುತ್ತದೆ.

ಇನ್ನೊಂದು ವಿಷಯ ನಮ್ಮ ಬಡಾವಣೆಗೆ ಸಂಬಂಧವೇ ಇಲ್ಲದ್ದು. ಭಾನುವಾರ ಪುರುಸೊತ್ತು ಇರುವುದು ನಮ್ಮಂಥವರಿಗೆ. ರೈಲ್ವೆ ಹಳಿಯ ಆಚೆಗಿನ ಕಾಲೊನಿಯಲ್ಲೂ ಪಾರ್ಕಿಗೆಂದು ಬಿಟ್ಟ ಜಾಗವಿದೆ. ಅಲ್ಲಿನವರಿಗೆ ಭಾನುವಾರವೂ ಕೂಲಿ. ಅಲ್ಲಿ ಸ್ವಯಂಸೇವಕರ ಗುಂಪು ಹುಟ್ಟುವುದು ಕಷ್ಟ. ಈಗ ಅಲ್ಲಿ ಇರುವುದು ಒಡೆದ ಬಾಟಲಿ ಮತ್ತು ಕಟ್ಟಡದ ಮಣ್ಣು. ಗುಂಪು ಇದ್ದ ಕಡೆ ಮಾತ್ರ ಪಾರ್ಕು ಚೆನ್ನಾಗಿರುತ್ತದೆ ಅಂತಾದರೆ ಅದು ಆಡಳಿತ ಅಲ್ಲ. ಹೊಸ ಮಾಲಿ, ಹೊಸ ಪಂಪು ಬಂದರೆ ಮೊದಲು ಅಲ್ಲಿಗೆ ಕಳಿಸಿ. ನಮ್ಮ ಪೇವರ್ ಇನ್ನೂ ಹತ್ತು ವರ್ಷ ಬಾಳಿಕೆ ಬರುತ್ತದೆ.

ಸ್ವಯಂಸೇವೆಯೇ ಬೇಡ ಅನ್ನುವವರೂ ನಮ್ಮ ಬಡಾವಣೆಯಲ್ಲಿದ್ದಾರೆ. "ತೆರಿಗೆ ಕಟ್ಟುತ್ತೇವೆ, ಪಾಲಿಕೆ ಮಾಡಲಿ" ಎಂಬುದು ಅವರ ಮಾತು. ಅದರಲ್ಲಿ ನ್ಯಾಯ ಇದೆ. ಆದರೆ ಮಂಗಳೂರಿನಲ್ಲಿ ರಾಮಕೃಷ್ಣ ಮಠದವರು ಭಾನುವಾರದ ಶ್ರಮದಾನವನ್ನು ವರ್ಷಗಟ್ಟಲೆ ನಡೆಸಿದ್ದಾರೆ. ಬೆಂಗಳೂರಿನಲ್ಲಿ ದಿ ಅಗ್ಲಿ ಇಂಡಿಯನ್ ಎಂಬ ಗುಂಪು 2010ರಿಂದ ಹೆಸರು ಹೇಳಿಕೊಳ್ಳದೆ ರಸ್ತೆ ಮೂಲೆಗಳನ್ನು ಸರಿಮಾಡಿತು. ಜನ ಕೈಹಾಕಿದ ಜಾಗದ ಮೇಲೆ ಜನರ ಕಣ್ಣು ಇರುತ್ತದೆ. ನಾವು ಗುಡಿಸಲು ಶುರುಮಾಡಿದ ಮೇಲೆ ರಾತ್ರಿ ಕುಡಿಯಲು ಬರುವವರು ಕಡಿಮೆಯಾಗಿದ್ದಾರೆ. ಅದಕ್ಕೆ ನಾವು ಯಾರನ್ನೂ ಗದರಿಸಲಿಲ್ಲ. ಬಿಲ್ಲಿನ ಫೋಟೊದಲ್ಲಿ ಬಕೆಟ್ ಗುರುತು ಸಿಕ್ಕಿದ್ದೂ ಹಾಗೇ ಅಲ್ವಾ? ಬಹುಶಃ ಸ್ವಯಂಸೇವಕರ ಬಗ್ಗೆ ಕಚೇರಿಗೆ ಇರುವ ಮುಜುಗರವೂ ಇದೇ ಇರಬೇಕು. ಪೊರಕೆ ಹಿಡಿದವರು ಸ್ವಲ್ಪ ದಿನದ ಮೇಲೆ ಲೆಕ್ಕ ಕೇಳುತ್ತಾರೆ.

ಈ ಪತ್ರದ ಪ್ರತಿಯನ್ನು ನಿಮ್ಮ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಂಡಿದ್ದೇವೆ. ಉತ್ತರವೂ ಬರಹದಲ್ಲೇ ಬರಲಿ. ಶಿವರಾತ್ರಿಗೆ ಮುಂಚೆ ಬಂದರೆ ಒಳ್ಳೆಯದು, ಎಲೆ ಉದುರಲು ಶುರುವಾಗುವ ಹೊತ್ತಿಗೆ ಜಾಲರಿ ಎಲ್ಲಿ ಕಟ್ಟಬೇಕು ಅಂತ ತೀರ್ಮಾನ ಆಗಿರಬೇಕು. ನಿಮ್ಮ ಕಡೆಯಿಂದ ಯಾರನ್ನಾದರೂ ಕಳಿಸುವುದಾದರೆ ಭಾನುವಾರ ಬೆಳಿಗ್ಗೆ ಕಳಿಸಿ, ನಾವು ಎಲ್ಲರೂ ಅಲ್ಲೇ ಇರುತ್ತೇವೆ. ಬರುವವರು ಎಲೆಕ್ಟ್ರಿಷಿಯನ್ ಆಗಿದ್ದರೆ ಭಾನುವಾರದವರೆಗೆ ಕಾಯುವುದು ಬೇಡ.

ಇಂತಿ,
ಪಾರ್ಕಿನ ಭಾನುವಾರದ ಗುಂಪಿನ ಪರವಾಗಿ,
ಒಬ್ಬ ಶಿಕ್ಷಕಿ